ಮುಚ್ಚಲು ಹೊರಟಿದ್ದ ನಾಲ್ಕು ಸಾಲು

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಕನ್ನಡ ಸಂಘದ ಲೈಬ್ರರಿಯಲ್ಲಿ ಹಳೆಯ ಕಂಪ್ಯೂಟರೊಂದಿತ್ತು. ಅದಕ್ಕೆ ಲಿನಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿಕೊಟ್ಟವನು ನಾನು. ಲೈಬ್ರರಿ ನೋಡಿಕೊಳ್ಳುವ ಹಿರಿಯರು ಉಡುಪಿ ಕಡೆಯವರು, ಕಲ್ಯಾಣದ ಹೋಟೆಲೊಂದರ ಗಲ್ಲಾದಲ್ಲಿ ಕೂತು ನಿವೃತ್ತರಾದವರು. ಎರಡು ವರ್ಷ ಒಂದೇ ಬೆರಳಿನಲ್ಲಿ ಕುಟ್ಟಿ, ಪ್ರತಿ ಪುಸ್ತಕವನ್ನು ಯಾರು ಕೊಟ್ಟರು, ಮೊದಲ ಪುಟದಲ್ಲಿ ಏನು ಬರೆದಿದ್ದರು ಎಂಬುದನ್ನೆಲ್ಲ ಅದರಲ್ಲಿ ತುಂಬಿದ್ದರು. 'ಮಗಳ ಮದುವೆಯ ನೆನಪಿಗೆ.' 'ಅಮ್ಮ ಓದುತ್ತಿದ್ದುದು.' ಕೊಟ್ಟವರಲ್ಲಿ ಅನೇಕರು ಈಗಿಲ್ಲ. ಬೈಂಡಿಂಗಿಗೆ ಹೋಗಿಬಂದ ಪುಸ್ತಕಗಳಲ್ಲಿ ಆ ಪುಟಗಳೂ ಇಲ್ಲ. ಪಟ್ಟಿಯ ನಕಲು ಬೇರೆಲ್ಲೂ ಇರಲಿಲ್ಲ. ಮಾಡಿಕೊಡುತ್ತೇನೆಂದು ಹೇಳಿದ್ದವನು ನಾನೇ. ಮಾಡಿರಲಿಲ್ಲ.

ಕಂಪ್ಯೂಟರ್ ಆನ್ ಆಗುವಾಗ ಪರದೆಯ ಮೇಲೆ ನಾಲ್ಕು ಸಾಲು ದೂರು ಬರುತ್ತಿತ್ತು. ಒಂದು, ಎಂದೋ ತೆಗೆದುಹಾಕಿದ ಪ್ರಿಂಟರಿನ ಸೆಟ್ಟಿಂಗ್ ಸಿಗಲಿಲ್ಲವೆಂದು. ಉಳಿದ ಮೂರು, ಯಂತ್ರ ತಯಾರಾದಾಗಲೇ ಒಳಗೆ ಸೇರಿಕೊಂಡ ತಪ್ಪುಗಳ ಬಗ್ಗೆ. ಯಾವುದರಿಂದಲೂ ತೊಂದರೆಯಿರಲಿಲ್ಲ.

"ಏನ್ರೀ ಇಂಜಿನಿಯರ್ ಸಾಹೇಬ್ರ, ನಿಮ್ಮ ಡಬ್ಬಿ ಎದ್ದ ಕೂಡ್ಲೇ ಬೈಯಾಕ ಹತ್ತತದ," ಎಂದರು ಧಾರವಾಡ ಕಡೆಯ ನಮ್ಮ ಅಧ್ಯಕ್ಷರು. "ಬಂದ ಮಂದಿ ಏನಂದಾರು?"

"ಕಾಣದ ಹಾಗೆ ಮಾಡಬಹುದು ಸಾರ್. ಒಂದೇ ಸಾಲು ಬರೆದರಾಯಿತು."

"ಅದೆಲ್ಲ ಬೇಡ ಮಾರಾಯ್ರೆ," ಎಂದರು ಹಿರಿಯರು. "ಹೋಟ್ಲಲ್ಲಿ ವೇಟರ್‌ಗಳು ಇಡೀ ದಿನ ಅಡುಗೆಮನೆ ಕಡೆಗೆ ಕೂಗ್ತಾ ಇರ್ತಿದ್ರು. ನಾನು ತಲೆ ಎತ್ತುತ್ತಿರ್ಲಿಲ್ಲ. ಆದ್ರೆ ಎಂತಾದ್ರೂ ಬೇರೆ ಕೂಗಿದ್ರೆ ಕೂಡ್ಲೇ ಗೊತ್ತಾಗ್ತಿತ್ತು. ಎಲ್ಲರ ಬಾಯಿ ಮುಚ್ಚಿಸಿದ್ರೆ ಹೇಗೆ ಗೊತ್ತಾಗುದು?"

ಈ ಮಾತು ನನಗೆ ಹಿಡಿಸಿತು, ಸಾಲುಗಳನ್ನು ಹಾಗೇ ಬಿಟ್ಟೆ. ಇದು ನನ್ನ ನೆನಪು. ಆಫೀಸಿನಲ್ಲೂ ಹಾಗೆಂದೇ ಹೇಳಿಕೊಂಡು ಬಂದಿದ್ದೆ.

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಐರೋಲಿಯ ಆಫೀಸಿನಲ್ಲಿದ್ದಾಗ ಹಿರಿಯರ ಫೋನು.

"ಇವತ್ತು ಐದು ಉಂಟು."

"ಏನು ಐದು?"

"ಸಾಲು, ಮಾರಾಯ್ರೆ. ಕಡೆಯದ್ದು ಹೊಸ ಗಿರಾಕಿ. ಬರ್ಕೊಂಡಿದ್ದೇನೆ, ಕೇಳಿ."

ಒಂದೊಂದೇ ಇಂಗ್ಲಿಷ್ ಅಕ್ಷರ ಓದಿದರು. ಅರ್ಧಕ್ಕೇ ನನಗೆ ತಿಳಿಯಿತು: ಹಾರ್ಡ್ ಡಿಸ್ಕನ್ನು ಓದಲಾಗುತ್ತಿಲ್ಲ. "ಆಫ್ ಮಾಡಿಬಿಡಿ. ನಾನು ಬರುವವರೆಗೆ ಮುಟ್ಟಬೇಡಿ," ಎಂದೆ. ರಜೆ ಹಾಕಿ, ಥಾಣೆ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಬದಲಿಸಿ ಡೊಂಬಿವಲಿಗೆ ಓಡಿದೆ. ಪೆನ್ ಡ್ರೈವಿನಿಂದ ಯಂತ್ರ ಎಬ್ಬಿಸಿ ಪಟ್ಟಿಯನ್ನೂ ಹಳೆಯ ಸೆಟ್ಟಿಂಗುಗಳನ್ನೂ ನಕಲು ಮಾಡಿಕೊಂಡೆ. ನಾಲ್ಕು ದಿನದ ನಂತರ ಆ ಡಿಸ್ಕ್ ಏಳಲೇ ಇಲ್ಲ.

ಭಾನುವಾರ ಹೊಸ ಡಿಸ್ಕ್ ಜೋಡಿಸಿ ಪಟ್ಟಿಯನ್ನು ಅದಕ್ಕೆ ತುಂಬಿ, ಹಳೆಯ ಸೆಟ್ಟಿಂಗ್ ಫೈಲು ತೆರೆದೆ. ಸಂದೇಶಗಳನ್ನು ಮುಚ್ಚುವ ಆ ಒಂದು ಸಾಲು ಅಲ್ಲಿತ್ತು, ಕೆಲಸ ಮಾಡದಂತೆ ಮುಂದೊಂದು ಗುರುತು ಹಾಕಿ ಬಿಟ್ಟಿದ್ದು. ಅದರ ಮೇಲೆ ಇಂಗ್ಲಿಷಿನಲ್ಲಿ ನನ್ನದೇ ಟಿಪ್ಪಣಿ: ಮುದುಕರ ಹಠಕ್ಕೆ ಸದ್ಯ ತೆಗೆದಿದೆ, ಅವರು ಮರೆತ ಮೇಲೆ ಮತ್ತೆ ಹಾಕುವುದು.

"ನಾನು ಇದನ್ನು ಮುಚ್ಚಿದ್ದೆನೇ?" ಎಂದು ಪಕ್ಕದಲ್ಲಿದ್ದ ಹಿರಿಯರನ್ನು ಕೇಳಿದೆ.

"ಮತ್ತೆ? ಅಧ್ಯಕ್ಷರು ಹೇಳಿದ ದಿನವೇ ಮುಚ್ಚಿದ್ರಲ್ಲ! ಮುಂದಿನ ಭಾನುವಾರ, ನೀವು ಅದನ್ನು ತೆಗೆಯುವವರೆಗೆ ನಾನು ಚಾ ಕೊಡ್ಲಿಲ್ಲ. ನೆನಪಿಲ್ವಾ?"

ಇರಲಿಲ್ಲ. ಪುರಾವೆಯಿಲ್ಲದೆ ಯಾರನ್ನೂ ನಂಬದವನು, ನನ್ನ ನೆನಪಿಗೆ ಮಾತ್ರ ಪುರಾವೆ ಕೇಳಿರಲಿಲ್ಲ. ಟಿಪ್ಪಣಿಯನ್ನು ಅವರಿಗೆ ಓದಿ ಹೇಳಿದೆ.

"ಮುದುಕ ಅಂದದ್ದು ಸರಿಯೇ ಉಂಟು," ಎಂದು ನಕ್ಕರು. "ಮರೆಯುದು ಮಾತ್ರ ನೀವು."

ಸಾಲನ್ನೂ ಟಿಪ್ಪಣಿಯನ್ನೂ ಅಳಿಸಿ ಕುರ್ಚಿ ಬಿಟ್ಟುಕೊಟ್ಟೆ. ಅವರು ಕೂತು, ಕನ್ನಡಕ ಏರಿಸಿಕೊಂಡು, ಪಟ್ಟಿಯನ್ನು ಮೊದಲಿನಿಂದ ಓದತೊಡಗಿದರು. ಕೊಟ್ಟವರ ಹೆಸರು ಬಂದಾಗಲೆಲ್ಲ "ಇದ್ದಾರೆ" ಎನ್ನುತ್ತಿದ್ದರು. ಬದುಕಿಲ್ಲದವರಿಗೂ ಹಾಗೆಯೇ ಅಂದರು. ನಾನು ಪಕ್ಕದಲ್ಲಿ ನಿಂತು ಕೇಳಿಸಿಕೊಂಡೆ.