ಅಕ್ಕ ಎಳೆದ ಜಾಲಂಧ್ರ

ಹಳೆಯ ಮಸೀದಿಯ ಮುರಿದ ಜಾಲಂಧ್ರಗಳಿಗೆ, ಅಂದರೆ ಕಲ್ಲಿನ ಜಾಲರಿ ಕಿಟಕಿಗಳಿಗೆ, ಹೊಸ ಕಲ್ಲು ಕೆತ್ತಿ ಕೂರಿಸುತ್ತಿದ್ದವನನ್ನು ಊರೆಲ್ಲ ನಕ್ಷೆ ಮೇಸ್ತ್ರಿ ಎಂದೇ ಕರೆಯುತ್ತಿತ್ತು. ಒಂದು ನಕ್ಷತ್ರದ ಮೂಲೆಯಿಂದ ಇನ್ನೊಂದು ನಕ್ಷತ್ರ ಹುಟ್ಟುವ ಆ ಕಲ್ಲಿನ ಬಲೆಯನ್ನು ಇಪ್ಪತ್ತೆರಡು ವರ್ಷ ಕೆತ್ತಿದ್ದ. ಆದರೆ ಒಂದು ನಕ್ಷೆಯೂ ಅವನದಲ್ಲ. ಸೊಂಟದ ನೋವಿನಿಂದ ಹೊರಗೆ ಓಡಾಡಲಾಗದ ಅಕ್ಕ ಅಡುಗೆಮನೆಯ ನೆಲದ ಮೇಲೆ ಕಾಗದ ಹಾಸಿ, ಕೈವಾರ ಹಿಡಿದು ಎಳೆದುಕೊಟ್ಟಂಥವು. ಮೊದಲ ಸಲ ಯಾರೋ "ನಕ್ಷೆನೂ ನಿಮ್ದೇನಾ?" ಎಂದಾಗ ಅವನು ಸುಮ್ಮನೆ ನಕ್ಕಿದ್ದ. ಆ ನಗು ಹಾಗೇ ಉಳಿದುಕೊಂಡಿತು.

ಒಂದು ಬೆಳಿಗ್ಗೆ ಕಟ್ಟಡವಿದ್ಯೆ ಕಲಿಸುವ ಮೇಡಂ ತಮ್ಮ ತರಗತಿಯನ್ನು ಕರೆತಂದರು.

"ಮೇಸ್ತ್ರಿ, ಈ ಹತ್ತು ಮೂಲೆ ನಕ್ಷತ್ರ ಹೇಗೆ ಎಳೀತೀರಿ, ಒಂದ್ಸಲ ತೋರಿಸಿ," ಎಂದು ಹಲಗೆ, ಕೈವಾರ ಮುಂದಿಟ್ಟರು.

ಒಂದು ವೃತ್ತ ಎಳೆದ. ಎರಡನೆಯದಕ್ಕೆ ಕೈವಾರದ ಮೊನೆ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಇಟ್ಟ, ತೆಗೆದ, ಮತ್ತೆಲ್ಲೋ ಇಟ್ಟ. "ಕಣ್ಣು ಮಂಜು," ಎಂದ. ಮೇಡಂ ಮರ್ಯಾದೆಯಿಂದ ತಮ್ಮ ಕನ್ನಡಕವನ್ನೇ ತೆಗೆದುಕೊಟ್ಟರು. ಅದನ್ನು ಹಾಕಿಕೊಂಡು ಕೂತಾಗ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ನಂಗೆ ಬರಲ್ಲ ಮೇಡಂ. ಎಳೆಯೋದು ನಮ್ಮಕ್ಕ. ನಾನು ಕೆತ್ತೋನು ಅಷ್ಟೆ."

"ಯಾರೂ ಕೇಳೇ ಇಲ್ವಾ ಇಷ್ಟು ವರ್ಷ?"

"ಕೇಳಿದ್ರು. ನಾನೇ ಹೇಳ್ಲಿಲ್ಲ."

ಮನೆಗೆ ಬಂದು ಅಕ್ಕನಿಗೆ ನಡೆದದ್ದನ್ನೆಲ್ಲ ಹೇಳಿದ. ಅವಳು ಬೆಳ್ಳುಳ್ಳಿ ಬಿಡಿಸುತ್ತಲೇ ಇದ್ದಳು.

"ಗೊತ್ತಿತ್ತು ಬಿಡೋ. ನಕ್ಷೆ ಮೇಸ್ತ್ರಿ ಮನೆ ಇದೇನಾ ಅಂತ ಅಂಚೆಯವನು ನನ್ನನ್ನೇ ಕೇಳ್ತಿದ್ದ. ಹೂಂ ಅಂತಿದ್ದೆ."

"ಬೈಬಾರ್ದಾ ಅಕ್ಕ?"

"ಬೈದ್ರೆ ನಿನಗೆ ಹಗುರ ಆಗುತ್ತೆ." ಸಿಪ್ಪೆ ಒಟ್ಟುಮಾಡುತ್ತ ಹೇಳಿದಳು: "ಒಂದ್ಸಲ ಮಸೀದಿಗೆ ಕರ್ಕೊಂಡು ಹೋಗಿ ತೋರಿಸಬಹುದಿತ್ತು."

ದಾರಿ ದೂರ, ಮೆಟ್ಟಿಲು ಜಾಸ್ತಿ ಎಂದು ಅವನೇ ಪ್ರತಿಸಲ ಹೇಳಿದ್ದ. ಮೆಟ್ಟಿಲು ಇದ್ದದ್ದು ಮೂರು.

ಮರುದಿನ ಆಟೋದಲ್ಲಿ ಕರೆದೊಯ್ದು, ಮೂರು ಮೆಟ್ಟಿಲು ತೋಳು ಹಿಡಿದು ಹತ್ತಿಸಿದ. ಬಿಸಿಲು ಜಾಲಂಧ್ರದಿಂದ ಇಳಿದು ನೆಲದ ತುಂಬ ನಕ್ಷತ್ರ ಚೆಲ್ಲಿತ್ತು. ಅಕ್ಕ ತುಂಬ ಹೊತ್ತು ನೋಡಿದಳು. ಬೆರಳಿಟ್ಟು ಗೆರೆ ಹಿಡಿದು ಹೋದಳು.

"ಈ ಪಟ್ಟಿ ದಪ್ಪ ಮಾಡಿದೀಯ."

"ತೆಳ್ಳಗೆ ಮಾಡಿದ್ರೆ ಕಲ್ಲು ಸೀಳ್ತಿತ್ತು."

"ನಂಗೆ ಹೇಳಿದ್ರೆ ಗೆರೆನೇ ಬದಲಾಯಿಸ್ತಿದ್ದೆ."

ಮೇಡಂ ಜೊತೆ ಅವತ್ತೂ ಬಂದಿದ್ದ ತರಗತಿಯ ಹುಡುಗಿಯರು ಅವಳ ಸುತ್ತ ಕೂತಿದ್ದರು. ವಾರಕ್ಕೊಂದು ದಿನ ಬಂದು ಕಲಿಸಿಕೊಡುತ್ತೀರಾ ಎಂದು ಮೇಡಂ ಕೇಳಿದರು. ಈಗ ನೆಲದಲ್ಲಿ ಕೂತು ಏಳಲು ಸೊಂಟ ಬಿಡುವುದಿಲ್ಲ, ಎತ್ತರದ ಕುರ್ಚಿ ಇದ್ದರೆ ಬರುತ್ತೇನೆ ಎಂದಳು ಅಕ್ಕ. ಅವನು ತಲೆ ತಗ್ಗಿಸಿಕೊಂಡೇ ಅವಳ ಮೊಣಕಾಲಿನ ಎತ್ತರ ಅಳೆದುಕೊಂಡು, ಬಡಗಿಯ ಅಂಗಡಿಯ ಕಡೆ ಹೊರಟ.