ತೆಂಗಿನೆಣ್ಣೆ ಕುಡಿದ ಎಂಜಿನ್

ಇದನ್ನು ಹೇಳುವುದನ್ನು ವರ್ಷಗಟ್ಟಲೆ ಮುಂದೂಡಿದೆ. ಗಂಗೊಳ್ಳಿಯಲ್ಲಿ ಅಂದು ಮುಂಜಾನೆ ನಮ್ಮ ದೋಣಿಯ ಎಂಜಿನ್ ಬಾಲ ಎತ್ತಿಕೊಂಡೇ ನಿಂತಿತ್ತು. ಗುಂಡಿ ಒತ್ತಿದರೂ ನೀರಿಗಿಳಿಯಲಿಲ್ಲ. ಅದನ್ನು ಎತ್ತಿ ಇಳಿಸುವ ಪಂಪಿನಲ್ಲಿ ಎಣ್ಣೆ ಕಡಿಮೆಯಾಗಿದೆಯೆಂದು ಹಿಂದಿನ ಸಂಜೆ ತೆಂಗಿನೆಣ್ಣೆ ಹೊಯ್ದವನು ನಾನೇ. ಅದು ಚಳಿಗೆ ಗಟ್ಟಿಯಾಗಿತ್ತು.

ಕಡಲಲ್ಲಿ ಬಂಗುಡೆ ಮೀನಿನ ಹಿಂಡು ಬಂದಿತ್ತು. ಬೇರೆ ದೋಣಿಗಳು ಹೊರಟೇಹೋದವು. ದೋಣಿಯ ಯಜಮಾನರು ಕೆಂಡವಾದರು. ನಾನು ಎಂಜಿನ್ ನೋಡಿಕೊಳ್ಳುವವನತ್ತ ಕೈ ತೋರಿಸಿ, “ಅವ ಎಂತ ಎಣ್ಣಿ ಹೊಯ್ದನೊ!” ಎಂದುಬಿಟ್ಟೆ. ಅಷ್ಟರಲ್ಲಿ ಬಿಸಿಲೇರಿ ಎಣ್ಣೆ ಕರಗಿತು. ನಾನು ಗುಂಡಿ ಮುಟ್ಟಿದ್ದೇ ತಡ, ಎಂಜಿನ್ ವಿನಯದಿಂದ ಬಗ್ಗಿತು.

“ಹ್ವಾಯ್, ಇನ್ ಎಂಜಿನ್ ನೀವೇ ಕಾಣಿ!” ಎಂದರು ಯಜಮಾನರು.

ಹಾಗೆ ಎಂಜಿನ್ ನನಗಾಯಿತು, ಬಲೆ ಎಳೆಯುವ ಕೆಲಸ ಅವನಿಗೆ. ನಮ್ಮನೆಗೆ ಊಟಕ್ಕೆ ಬಂದಾಗ ಅವನ ಒರಟಾದ ಅಂಗೈ ನೋಡಲಾರೆ. ನಾನು ಕ್ಷಮೆ ಕೇಳಬೇಕಾಗಿರುವುದು ಹೆಂಡತಿಯ ತಮ್ಮ ಶೀನನಲ್ಲಿ.