ಕೊರಳಿಗೊಂದು ಸಕ್ಕರೆ ಸರ

ಹೋಳಿ ಬಂತೆಂದರೆ ನಮ್ಮ ವಾಡಿ ಊರಿನ ನಿವೃತ್ತ ಶಿಕ್ಷಕ ಅಣ್ಣೆಪ್ಪ ಮಾಸ್ತರರು ಸಕ್ಕರೆ ಸರ, ಅಂದರೆ ದಾರಕ್ಕೆ ಸಕ್ಕರೆ ಬಿಲ್ಲೆ ಪೋಣಿಸಿದ ಹಬ್ಬದ ಹಾರ, ಹುಡುಕಲು ಚೀಲ ಹಿಡಿದು ಬಸ್ಸು ಹತ್ತುತ್ತಾರೆ. ಅವರ ಪ್ರಕಾರ ಶಹಾಬಾದಿನದು ಬರೀ ಬಣ್ಣ, ಚಿತ್ತಾಪುರದ್ದು ಹಲ್ಲಿಗೆ ಅಂಟುತ್ತದೆ, ಸೇಡಂನದಂತೂ ಶುದ್ಧ ಸೀಮೆಸುಣ್ಣ. ಅಂಗಡಿಯವರು ಇವರನ್ನು ಕಂಡೊಡನೆ ಸರದ ಒಂದು ಬಿಲ್ಲೆ ಮುರಿದು ಕೈಗಿಡುತ್ತಾರೆ. ಇವರು ಕಣ್ಣು ಮುಚ್ಚಿ ಚೀಪಿ, “ಚಲೋ ಅದ, ಆದ್ರ ನಮ್ಮವ್ವ ಹಾಕ್ತಿದ್ದ ಸರದ ರುಚಿ ಇಲ್ಲ ಬಿಡ್ರಿ” ಎನ್ನುತ್ತಾರೆ. ಆ ಸರವನ್ನು ಕಿರಿಯರ ಕೊರಳಿಗೆ ಹಿರಿಯರೇ ಹಾಕಬೇಕು. ಮಾಸ್ತರರ ಮನೆಯಲ್ಲಿ ಈಗ ಅವರಿಗಿಂತ ಹಿರಿಯರು ಯಾರೂ ಉಳಿದಿಲ್ಲ. ಈ ಸಲ ಚಂದಾಪುರದಲ್ಲಿ ಸರ ಮಾರುವ ಮುದುಕಿ ಜೈಬುನ್ನೀಸಾ ಬಿಲ್ಲೆ ಮುರಿಯಲಿಲ್ಲ. “ನಾ ನಿನಗಿಂತ ಭಾಳ ದೊಡ್ಡಾಕಿ ಇದ್ದೀನಿ ಬೇಟಾ, ಬಗ್ಗು” ಎಂದು ಇಡೀ ಸರವನ್ನೇ ಕೊರಳಿಗೆ ಹಾಕಿಬಿಟ್ಟಳು. ಬಸ್ಸಿನವರೆಲ್ಲ ನೋಡುತ್ತಿದ್ದರೂ ಮಾಸ್ತರರು ವಾಡಿ ಬರುವವರೆಗೆ ಅದನ್ನು ತೆಗೆಯಲಿಲ್ಲ. ರುಚಿ ನೋಡುವುದು ಅವರಿಗೆ ನೆನಪೇ ಆಗಲಿಲ್ಲ.